ಬೆನ್ನು ಲಟಕ್ಕೆಂದರೆ ಹೊಟ್ಟೆ ಹಗುರಾಗುತ್ತದೆಯೇ?

ಪ್ರಶ್ನೆ: ನಾನು ಗಣೇಶಗುಡಿಯ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದೇನೆ. ವಯಸ್ಸು 34. ಬೆಳಿಗ್ಗೆ ರಾಫ್ಟ್ ಹೊತ್ತು ಹೊಳೆಗಿಳಿಸುವುದು, ಮಧ್ಯಾಹ್ನ ಜೀಪು, ರಾತ್ರಿ ಅತಿಥಿಗಳ ಊಟ ಮುಗಿದ ಮೇಲೆ ಹನ್ನೊಂದಕ್ಕೋ ಹನ್ನೆರಡಕ್ಕೋ ನಮ್ಮ ಊಟ. ಎರಡು ವರ್ಷದಿಂದ ಸೊಂಟನೋವು. ಅದರ ಜೊತೆಗೇ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ ಶುರುವಾಗಿವೆ. ಸಂಡಾಸವೂ ಸರಿಯಾಗಿ ಆಗುವುದಿಲ್ಲ. ಸೊಂಟಕ್ಕೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೇನೆ, ಪಟ್ಟಿ ಬಿಗಿದುಕೊಳ್ಳುತ್ತೇನೆ. ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಕೈರೋಪ್ರಾಕ್ಟಿಕ್ ವಿಡಿಯೊ ತೋರಿಸಿ, ‘ಬೆನ್ನುಮೂಳೆ ಸರಿಮಾಡಿಸಿಕೊಂಡರೆ ಹೊಟ್ಟೆ ತಾನೇ ಸರಿಹೋಗುತ್ತದೆ’ ಎಂದರು. ನಮ್ಮ ಅವ್ವ ‘ಬಟ್ಟಿ ಸರದೈತಿ, ತಿಕ್ಕಿಸ್ಕೊ’ ಅಂತಾಳೆ. ಯಾರ ಮಾತು ಕೇಳಲಿ?
(ಹೆಸರು ಬೇಡ), ಗಣೇಶಗುಡಿ

ಉತ್ತರ: ಅವ್ವನ ಮಾತು ಒಂದು, ಅತಿಥಿಯ ಮಾತು ಇನ್ನೊಂದು ಎಂದು ನೀವು ತಿಳಿದಿದ್ದೀರಿ. ಒಳಹೊಕ್ಕು ನೋಡಿದರೆ ಇಬ್ಬರ ತರ್ಕವೂ ಒಂದೇ. ಮೈಯೊಳಗೆ ಏನೋ ಒಂದು ತನ್ನ ಜಾಗ ಬಿಟ್ಟು ಸರಿದಿದೆ, ಕೈಗುಣ ಇರುವವರು ಅದನ್ನು ಮತ್ತೆ ಜಾಗಕ್ಕೆ ಕೂಡಿಸಿದರೆ ರೋಗ ಹೋಗುತ್ತದೆ ಎಂಬ ತರ್ಕ. ಅವ್ವನ ಪ್ರಕಾರ ಸರಿದದ್ದು ಹೊಕ್ಕುಳ ಬಳಿಯ ಬಟ್ಟಿ, ಅತಿಥಿಯ ಪ್ರಕಾರ ಬೆನ್ನುಮೂಳೆಯ ಒಂದು ಮಣಿ. ಒಂದಕ್ಕೆ ಅಂಗೈಯಷ್ಟು ಎಣ್ಣೆ ಸಾಕು, ಇನ್ನೊಂದಕ್ಕೆ ಬೆಂಗಳೂರಿನ ಬಸ್ ಟಿಕೆಟ್ಟೂ ಫೀಸೂ ಬೇಕು.

ಮೊದಲು ಅವ್ವನ ಕಡೆಯಿಂದ ಬರೋಣ, ಹಿರಿಯರು. ಬಟ್ಟಿ ನೋಡುವವರು ಬರಿಹೊಟ್ಟೆಯಲ್ಲಿ ಅಂಗಾತ ಮಲಗಿಸಿ ಹೊಕ್ಕುಳ ಸುತ್ತ ಬೆರಳೂರಿ ಮಿಡಿತ ಹುಡುಕುತ್ತಾರೆ. ಮಿಡಿತ ನಟ್ಟನಡುವೆ ಸಿಗದೆ ಮೇಲಕ್ಕೋ ಪಕ್ಕಕ್ಕೋ ಸಿಕ್ಕಿತೆಂದರೆ ಬಟ್ಟಿ ಸರಿದಿದೆ ಎಂದು ತೀರ್ಮಾನ. ಆ ಮಿಡಿತವೇನೂ ಸುಳ್ಳಲ್ಲ. ಹೃದಯದಿಂದ ಹೊರಟ ಮಹಾಧಮನಿ ಬೆನ್ನುಮೂಳೆಯ ಮುಂದುಗಡೆ ಇಳಿದು, ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಅದು ನಡುಗೆರೆಗಿಂತ ತುಸು ಎಡಕ್ಕೇ ಇರುವುದರಿಂದ ಮಿಡಿತ ಹೊಕ್ಕುಳಿಗಿಂತ ಕೊಂಚ ಮೇಲೆ, ಕೊಂಚ ಎಡಕ್ಕೆ ಸಿಗುವುದೇ ಸಹಜ. ತೆಳ್ಳಗಿನವರಲ್ಲಿ ಚೆನ್ನಾಗಿ ತಿಳಿಯುತ್ತದೆ, ಬೊಜ್ಜು ಇದ್ದವರಲ್ಲಿ ಕೈಗೆ ಸಿಗುವುದೇ ಇಲ್ಲ. ಹೀಗಿರುವಾಗ ಹುಡುಕಿದವರಿಗೆಲ್ಲ ಬಟ್ಟಿ ಸರಿದೇ ಇರುತ್ತದೆ! ತಿಕ್ಕಿದ ಮೇಲೆ ಗುಣವಾಗುವುದೂ ಉಂಟು, ಯಾಕೆಂದರೆ ಸಾದಾ ಭೇದಿ, ಹೊಟ್ಟೆ ಮುರಿತಗಳು ಎರಡು ಮೂರು ದಿನದಲ್ಲಿ ತಿಕ್ಕದಿದ್ದರೂ ಇಳಿಯುತ್ತವೆ. ಹಗುರವಾಗಿ ಎಣ್ಣೆ ಸವರಿ ತಿಕ್ಕಿಸಿಕೊಂಡರೆ ನಷ್ಟವಿಲ್ಲ. ಆದರೆ ನೋವು ಹೊಕ್ಕುಳ ಬಳಿ ಹುಟ್ಟಿ ಬಲಕಿಬ್ಬೊಟ್ಟೆಗೆ ಇಳಿದು, ಜ್ವರ ವಾಂತಿ ಸೇರಿಕೊಂಡರೆ ಅದು ಅಪೆಂಡಿಕ್ಸ್ ಇರಬಹುದು. ಅಂಥ ಹೊಟ್ಟೆಯನ್ನು ಬಟ್ಟಿ ಎಂದು ತಿಕ್ಕುತ್ತಾ ಕೂತರೆ ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಕೈತಪ್ಪುತ್ತದೆ.

ಇನ್ನು ಅತಿಥಿಯ ಕಡೆ. ಕೈರೋಪ್ರಾಕ್ಟಿಕ್‌ನವರು ತಮ್ಮ ಪದ್ಧತಿ ಹುಟ್ಟಿದ್ದು 1895ರ ಸೆಪ್ಟೆಂಬರ್ 18ರಂದು ಎಂದು ಹೇಳಿಕೊಳ್ಳುತ್ತಾರೆ. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರು. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ‘ಅಯಸ್ಕಾಂತ ಶಕ್ತಿ’ಯಿಂದ ರೋಗ ವಾಸಿಮಾಡುತ್ತೇನೆಂದು ಬೋರ್ಡು ಹಾಕಿಕೊಂಡಿದ್ದ. ಅದೇ ಕಟ್ಟಡದಲ್ಲಿ ಜಾಡಮಾಲಿಯಾಗಿದ್ದ ಹಾರ್ವಿ ಲಿಲ್ಲಾರ್ಡನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಪಾಮರ್ ಅವನ ಬೆನ್ನುಮೂಳೆಯಲ್ಲಿ ಉಬ್ಬಿದ್ದ ಒಂದು ಮಣಿಯನ್ನು ಒತ್ತಿ ಕೂಡಿಸಿದ, ಕಿವಿ ಬಂತು ಎಂಬುದು ಕತೆ. ಕಿವಿಯಿಂದ ಮಿದುಳಿಗೆ ಹೋಗುವ ನರ ತಲೆಬುರುಡೆಯೊಳಗೇ ಇದೆ, ಬೆನ್ನಿನ ಕಡೆ ಇಣುಕುವುದೂ ಇಲ್ಲ. ಪಾಮರನಿಗೆ ಅದರ ಚಿಂತೆಯಿರಲಿಲ್ಲ. ನೂರಕ್ಕೆ 95 ರೋಗಗಳಿಗೆ ಸರಿದ ಬೆನ್ನುಮಣಿಗಳೇ ಕಾರಣ ಎಂದು ಮುಂದೆ ಬರೆದ. ಹೊಟ್ಟೆಯ ಕಾಯಿಲೆಗಳೂ ಆ ಲೆಕ್ಕಕ್ಕೆ ಸೇರಿದ್ದು ಹೀಗೆ. ಇವತ್ತಿನ ಕೈರೋಪ್ರಾಕ್ಟರುಗಳೆಲ್ಲ ಇದನ್ನು ನಂಬುತ್ತಾರೆಂದಲ್ಲ. ಸೊಂಟ, ಕುತ್ತಿಗೆ ನೋವಿಗಷ್ಟೇ ತಮ್ಮ ಕೆಲಸವನ್ನು ಸೀಮಿತಗೊಳಿಸಿಕೊಂಡವರು ಅವರಲ್ಲಿ ಬಹಳ ಮಂದಿ ಇದ್ದಾರೆ. ವಿಡಿಯೊದಲ್ಲಿ ಹೆಚ್ಚು ಓಡುವುದು ಮಾತ್ರ ಇನ್ನೊಂದು ಬಗೆಯವರದು.

‘ಬೆನ್ನಿನಿಂದಲೇ ಹೊಟ್ಟೆಗೆ ನರ ಹೋಗುತ್ತದಲ್ಲ?’ ಎಂದು ಅತಿಥಿ ಕೇಳಬಹುದು. ಹೋಗುತ್ತದೆ. ಬೆನ್ನುಹುರಿಯಿಂದ ಹೊರಟ ಕೆಲವು ನರಗಳು ಕರುಳಿಗೆ ತಲುಪುತ್ತವೆ. ಆದರೆ ಜಠರದಿಂದ ಹಿಡಿದು ದೊಡ್ಡಕರುಳಿನ ಸುಮಾರು ಅರ್ಧದವರೆಗೆ ಜೀರ್ಣದ ಹುಕುಂ ಹೊತ್ತು ತರುವ ಮುಖ್ಯ ನರ ವೇಗಸ್. ಅದು ಮಿದುಳಿನ ಬುಡದಿಂದ ಹೊರಟು ತಲೆಬುರುಡೆಯ ತಳದ ರಂಧ್ರದಲ್ಲಿ ಇಳಿದು, ಕುತ್ತಿಗೆ ಎದೆ ಹಾದು ನೇರ ಹೊಟ್ಟೆಗೆ ಬರುತ್ತದೆ. ಬೆನ್ನುಮಣಿಗಳ ನಡುವೆ ಅದು ಹಾಯುವುದೇ ಇಲ್ಲ. ಮಣಿ ಸರಿದು ಆ ನರ ಅದುಮಿಕೊಂಡಿತು ಎನ್ನುವುದು, ಜೊಯಿಡಾದಿಂದ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ಬಸ್ಸು ಹಳಿಯಾಳದ ಸಂತೆಯ ಗದ್ದಲದಲ್ಲಿ ಸಿಕ್ಕಿಕೊಂಡಿತು ಎಂದಂತೆ.

ಇನ್ನೂ ಒಂದು ಸಂಗತಿ ಇದೆ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳ ಸ್ವಂತ ಜಾಲವಿದೆ. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಪ್ರಾಣಿಗಳ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಕರುಳು ಆಗಲೂ ಒಳಗಿದ್ದುದನ್ನು ಅಲೆಯಲೆಯಾಗಿ ಮುಂದೆ ತಳ್ಳುತ್ತಲೇ ಇತ್ತು. ನರ ಕಡಿದರೂ ನಡೆಯುವ ಕರುಳು ಮಣಿಯೊಂದು ಕೂದಲೆಳೆಯಷ್ಟು ಸರಿದರೆ ನಿಂತುಬಿಡುತ್ತದೆ ಎಂದರೆ ನಂಬುವುದು ಕಷ್ಟ. ಬೆನ್ನುಹುರಿಗೆ ನಿಜವಾದ ಪೆಟ್ಟು ಬಿದ್ದವರಿಗೆ ಮಲವಿಸರ್ಜನೆಯ ಹತೋಟಿ ತಪ್ಪುವುದು ದಿಟ. ಅದು ಬೇರೆಯೇ ಮಾತು, ಮುಂದೆ ಬರುತ್ತದೆ.

ಬೆನ್ನು ತಿರುಚಿದಾಗ ಕೇಳುವ ಆ ‘ಲಟಕ್’ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಮೊಮ್ಮಗುವಿಗೆ ದೃಷ್ಟಿ ತೆಗೆದು ಅಜ್ಜಿ ಬೆರಳಿನ ನೆಟಿಗೆ ಮುರಿಯುತ್ತಾಳಲ್ಲ, ಅದೇ ಸದ್ದು. ಕೀಲಿನೊಳಗೆ ಒಂದು ಅಂಟುದ್ರವ ಇರುತ್ತದೆ, ಕೀಲನ್ನು ಎಳೆದಾಗ ಅದರಲ್ಲಿ ಗಾಳಿಗುಳ್ಳೆಯಂಥ ಪೊಳ್ಳು ಏಳುತ್ತದೆ. 2015ರಲ್ಲಿ ಕೆನಡಾದ ಸಂಶೋಧಕರು ಬೆರಳನ್ನು ಎಂಆರ್‌ಐ ಯಂತ್ರದೊಳಗಿಟ್ಟು ಎಳೆದು ಇದನ್ನು ಚಿತ್ರವಾಗಿಯೇ ಹಿಡಿದರು.

ಬರಿ ತರ್ಕ ಸಾಲದು, ಪರೀಕ್ಷೆ ಮಾಡಿ ನೋಡಿದ್ದಾರೆಯೇ ಎಂದು ಕೇಳುವವರೂ ಇರುತ್ತಾರೆ. ನೋಡಿದ್ದಾರೆ. ಎಡ್ಜಾರ್ಡ್ ಅರ್ನ್ಸ್ಟ್ ಎಂಬ ವೈದ್ಯವಿಜ್ಞಾನಿ 2011ರಲ್ಲಿ ಜೀರ್ಣಾಂಗದ ತೊಂದರೆಗಳಿಗೆ ಕೈರೋಪ್ರಾಕ್ಟಿಕ್ ಕೊಟ್ಟು ನಡೆಸಿದ ಪ್ರಯೋಗಗಳನ್ನು ಹುಡುಕಿದಾಗ ಲೆಕ್ಕಕ್ಕೆ ಹಿಡಿಯುವಂಥವು ಸಿಕ್ಕಿದ್ದು ಎರಡೇ. ಅವುಗಳಿಂದ ಪ್ರಯೋಜನ ಸಾಬೀತಾಗಲಿಲ್ಲ. ಅರ್ನ್ಸ್ಟ್ ಈ ಪದ್ಧತಿಯ ಕಟು ವಿಮರ್ಶಕ, ಅವರ ಮಾತು ಬೇಡ ಎನ್ನುವುದಾದರೆ ಕೈರೋಪ್ರಾಕ್ಟಿಕ್‌ನವರೇ ಸೇರಿ ಮಾಡಿದ್ದನ್ನು ನೋಡಿ. 2019ರಲ್ಲಿ ಟೊರಾಂಟೊದಲ್ಲಿ ಆ ಕ್ಷೇತ್ರದ ಸಂಶೋಧಕರೇ ಕೂಡಿ, ಮೂಳೆ ಮಾಂಸಖಂಡಕ್ಕೆ ಸಂಬಂಧಿಸದ ಕಾಯಿಲೆಗಳಿಗೆ ಬೆನ್ನು ತಿರುಚುವುದರಿಂದ ಉಪಯೋಗವಿದೆಯೇ ಎಂದು ಜಾಲಾಡಿದರು. 2021ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಕೂಸುಗಳ ಹೊಟ್ಟೆನೋವೂ ಸೇರಿದಂತೆ ನೋಡಿದ ಯಾವ ಕಾಯಿಲೆಗೂ ಇದು ಫಲ ಕೊಟ್ಟ ಪುರಾವೆ ಸಿಗಲಿಲ್ಲ ಎಂದಿದೆ.

ಕೂಸುಗಳ ಹೊಟ್ಟೆನೋವಿನ ವಿಷಯಕ್ಕೆ ಲಂಡನ್ನಿನಲ್ಲಿ ದೊಡ್ಡ ಮೊಕದ್ದಮೆಯೇ ನಡೆಯಿತು. ಪಂಜಾಬಿನಿಂದ ವಲಸೆಹೋದ ಕುಟುಂಬದ ಮಗ, ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಪತ್ರಿಕೆಯೊಂದರಲ್ಲಿ ಕೈರೋಪ್ರಾಕ್ಟಿಕ್‌ನಿಂದ ಅದು ವಾಸಿಯಾಗುತ್ತದೆ ಎಂಬಂಥ ಹೇಳಿಕೆಗಳಿಗೆ ಆಧಾರವಿಲ್ಲ ಎಂದು ಬರೆದರು. ಬ್ರಿಟನ್ನಿನ ಕೈರೋಪ್ರಾಕ್ಟಿಕ್ ಸಂಘ ಅವರ ಮೇಲೆ ಮಾನನಷ್ಟದ ದಾವೆ ಹೂಡಿತು. ಎರಡು ವರ್ಷ ಎಳೆದಾಡಿ, ಮೇಲಿನ ಕೋರ್ಟು ಸಿಂಗ್ ಪರ ವಾಲಿದ ಮೇಲೆ 2010ರ ಏಪ್ರಿಲ್‌ನಲ್ಲಿ ಸಂಘವೇ ದಾವೆ ಹಿಂತೆಗೆದುಕೊಂಡಿತು. ಇಂಗ್ಲೆಂಡಿನ ಮಾನನಷ್ಟ ಕಾಯ್ದೆ 2013ರಲ್ಲಿ ಬದಲಾಗಲು ಈ ಗಲಾಟೆಯೂ ಒಂದು ಕಾರಣ.

ಹಾಗಾದರೆ ‘ನನಗೆ ಗುಣವಾಯಿತು’ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಅಮೆರಿಕದ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2008ರಲ್ಲಿ ಕರುಳಿನ ಕಿರಿಕಿರಿ, ಅಂದರೆ ಐಬಿಎಸ್ ಇರುವ 262 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪನ್ನು ಸುಮ್ಮನೆ ಕಾಯಿಸಿದರು. ಇನ್ನೊಂದಕ್ಕೆ ಸೂಜಿ ಚುಚ್ಚಿದಂತೆ ನಟಿಸಿದರು, ಮಾತಿಲ್ಲ ಕತೆಯಿಲ್ಲ. ಮೂರನೆಯದಕ್ಕೆ ಅದೇ ನಾಟಕದ ಜೊತೆಗೆ ಚಿಕಿತ್ಸಕರು ಕೂತು ಕಷ್ಟಸುಖ ಕೇಳಿದರು, ಸಮಾಧಾನ ಹೇಳಿದರು. ಮೂರು ವಾರದ ಮೇಲೆ ತಕ್ಕಮಟ್ಟಿಗೆ ಆರಾಮಾಯಿತು ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಔಷಧವೇ ಇಲ್ಲ! ಕರುಳಿಗೂ ಮನಸ್ಸಿಗೂ ಅಷ್ಟು ಹತ್ತಿರದ ನಂಟು. ಮೈಮುಟ್ಟಿ, ಹೊತ್ತು ಕೊಟ್ಟು, ಭರವಸೆ ಹೇಳುವವರ ಕೈಯಲ್ಲಿ ಹೊಟ್ಟೆ ಸಡಿಲಗೊಳ್ಳುವುದು ಸಹಜ. ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು, ಜನ ಬಟ್ಟಿಯವರ ಹತ್ತಿರವೋ ಲಟಕ್ಕಿನವರ ಹತ್ತಿರವೋ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನೆಟ್ಟದ್ದು ಬೇರೆ ಕಡೆ. ‘ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೇನೆ’ ಎಂಬ ಸಾಲು. ಯಾವ ಗುಳಿಗೆ ಎಂದು ನೀವು ಬರೆದಿಲ್ಲ. ಸೊಂಟನೋವಿಗೆ ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್‌ಗಳಲ್ಲಿ ಒಂದು. ನಿಮ್ಮ ಬೆನ್ನಿಗೂ ಹೊಟ್ಟೆಗೂ ನಿಜವಾದ ಕೊಂಡಿ ಇಲ್ಲಿರುವ ಸಾಧ್ಯತೆ ಬಹಳ. ಈ ಗುಳಿಗೆಗಳು ನೋವು ಇಳಿಸುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಮೈಯಲ್ಲಿ ತಯಾರಾಗದಂತೆ ತಡೆದು. ಜಾನ್ ವೇನ್ ಎಂಬ ಇಂಗ್ಲಿಷ್ ವಿಜ್ಞಾನಿ 1971ರಲ್ಲಿ ಇದನ್ನು ಕಂಡುಹಿಡಿದರು, 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಕಷ್ಟವೇನೆಂದರೆ ಅದೇ ರಾಸಾಯನಿಕ ಜಠರದ ಒಳಗೋಡೆಗೆ ಲೋಳೆಯ ಪದರ ಹಾಸಿ ಆಮ್ಲದಿಂದ ಕಾಯುತ್ತದೆ. ನೋವು ಹೋಗಲಿ ಎಂದು ಅದನ್ನು ತಡೆದಾಗ ಕಾವಲೂ ಹೋಗುತ್ತದೆ. ಹೊಟ್ಟೆಯುರಿ, ಉಬ್ಬರ, ಹುಣ್ಣು, ಕೆಲವರಲ್ಲಿ ಸದ್ದಿಲ್ಲದ ರಕ್ತಸ್ರಾವ. ಬರಿಹೊಟ್ಟೆಯಲ್ಲಿ ನುಂಗಿದರೆ, ಬೀಡಿ ಸೇದಿದರೆ, ಮೇಲೆ ಸಾರಾಯಿ ಬಿದ್ದರೆ ಇನ್ನಷ್ಟು. ಚುಚ್ಚುಮದ್ದಿನಲ್ಲಿ ತೆಗೆದುಕೊಂಡರೆ ಹೊಟ್ಟೆಗೆ ಏನೂ ಆಗುವುದಿಲ್ಲ ಎನ್ನುವವರಿದ್ದಾರೆ, ಅದು ತಪ್ಪು. ರಕ್ತದ ಮೂಲಕ ಹೋದರೂ ಪರಿಣಾಮ ಅದೇ. ಮೂತ್ರಪಿಂಡಕ್ಕೂ ಇವು ಒಳ್ಳೆಯವಲ್ಲ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಿಂದ ರಣಹದ್ದುಗಳ ಮೈಸೇರಿ ಅವುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಅಳಿವಿನಂಚಿಗೆ ತಂದಿತು, ಅದಕ್ಕೇ 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ ನಿಷೇಧಿಸಿತು. ಮನುಷ್ಯರಿಗೆ ಇವತ್ತಿಗೂ ಚೀಟಿ ಕೇಳದೆ ಕೊಡುವ ಅಂಗಡಿಗಳಿವೆ. ಇನ್ನು ಅಂಗಡಿಯವರು ಕೊಟ್ಟದ್ದು ಟ್ರಮಡಾಲ್ ಸೇರಿದ ಗುಳಿಗೆಯಾದರೆ ಮಲಬದ್ಧತೆಗೂ ಉತ್ತರ ಸಿಕ್ಕಿತು. ಆ ಜಾತಿಯ ಔಷಧಿಗಳು ಕರುಳಿನ ಚಲನೆಯನ್ನೇ ನಿಧಾನಗೊಳಿಸುತ್ತವೆ.

ಎರಡನೆಯ ಕೊಂಡಿ ಆ ಪಟ್ಟಿ. ಸೊಂಟಪಟ್ಟಿಯನ್ನು ದಿನವಿಡೀ ಬಿಗಿದುಕೊಂಡರೆ ಹೊಟ್ಟೆಯೊಳಗಿನ ಒತ್ತಡ ಏರಿ ಜಠರದ ಹುಳಿ ಅನ್ನನಾಳಕ್ಕೆ ಮೇಲೇರುತ್ತದೆ. ಊಟವಾದ ಕೂಡಲೇ ಬಗ್ಗಿ ರಾಫ್ಟ್ ಎತ್ತಿದಾಗಲೂ ಹೀಗೆಯೇ. ಭಾರ ಎತ್ತುವ ಹೊತ್ತಿಗಷ್ಟೇ ಕಟ್ಟಿ, ಆಮೇಲೆ ಬಿಚ್ಚಿಬಿಡಿ. ಮೂರನೆಯದು ಮಲಬದ್ಧತೆ. ಸಂಡಾಸಿನಲ್ಲಿ ತಿಣುಕಿದಷ್ಟೂ ಸೊಂಟದ ಡಿಸ್ಕಿನ ಮೇಲೆ ಒತ್ತಡ. ಹೊಟ್ಟೆ ಸಡಿಲಾದರೆ ಬೆನ್ನಿಗೂ ಅಷ್ಟು ವಿರಾಮ. ಅತಿಥಿಯ ಸೂತ್ರ ಇಲ್ಲಿ ತಿರುಗುಮುರುಗಾಗುತ್ತದೆ ನೋಡಿ!

ರಾತ್ರಿ ಊಟದ ವಿಷಯ ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ, ನನಗೆ ಗೊತ್ತು. ಅತಿಥಿ ಉಂಡೇಳದೆ ಕೆಲಸದವರು ಉಣ್ಣುವಂತಿಲ್ಲ ಎಂಬ ಪದ್ಧತಿಯನ್ನು ಬದಲಿಸಬೇಕಾದವರು ಮಾಲೀಕರು. ಅಲ್ಲಿಯವರೆಗೆ ಹೀಗೆ ಮಾಡಿ. ಏಳು ಗಂಟೆಯ ಹೊತ್ತಿಗೆ, ಅತಿಥಿಗಳ ಕ್ಯಾಂಪ್‌ಫೈರ್ ಹಚ್ಚುವ ಮೊದಲೇ, ರೊಟ್ಟಿಯೋ ಅನ್ನವೋ ಮುಖ್ಯ ಊಟ ಮುಗಿಸಿ. ಹನ್ನೊಂದಕ್ಕೆ ಹಸಿವೆನಿಸಿದರೆ ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಸಾಕು. ಉಳಿದ ಎಣ್ಣೆಜಿಡ್ಡಿನ ಪನೀರು, ಚಿಕನ್ನು ಬೇಡ. ಕೊಬ್ಬು ಜಾಸ್ತಿಯಾದಷ್ಟೂ ಜಠರ ಖಾಲಿಯಾಗುವುದು ನಿಧಾನ. ಉಂಡು ಮಲಗುವುದಕ್ಕೆ ಮೂರು ಗಂಟೆ ಅಂತರವಿರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿ. ತಲೆದಿಂಬು ಎರಡು ಮಾಡಿಕೊಂಡರೆ ಹೊಟ್ಟೆ ಮಡಚಿಕೊಳ್ಳುತ್ತದೆ, ಅದರಿಂದ ಉಪಯೋಗವಿಲ್ಲ. ಮಲಗುವಾಗ ಎಡಮಗ್ಗುಲು. ಹಿರಿಯರು ಊಟವಾದ ಮೇಲೆ ‘ವಾಮಕುಕ್ಷಿ’ ಎಂದು ಎಡಕ್ಕೆ ಹೊರಳುತ್ತಿದ್ದುದರಲ್ಲಿ ಅರ್ಥವಿದೆ. ಆ ಮಗ್ಗುಲಲ್ಲಿ ಜಠರದ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಹುಳಿ ಮೇಲೇರುವುದು ಕಡಿಮೆ. ಗುಟ್ಕಾ, ತಂಬಾಕಿನ ಕವಳ, ಬೀಡಿ ಇದ್ದರೆ ಬಿಡಿ. ತಂಬಾಕು ಅನ್ನನಾಳದ ತುದಿಯ ಬಿಗಿಯನ್ನು ಸಡಿಲಿಸುತ್ತದೆ. ಬಾಯಿ ಕ್ಯಾನ್ಸರಿನ ಮಾತು ಬೇರೆ ಹೇಳಬೇಕಾಗಿಲ್ಲ.

ಮಲಬದ್ಧತೆಯ ಒಂದು ಕಾರಣ ನಿಮ್ಮ ಬೆಳಗಿನ ಕೆಲಸದಲ್ಲೇ ಇದ್ದೀತು. ದೊಡ್ಡಕರುಳು ಜೋರಾಗಿ ಹಿಂಡಿಕೊಳ್ಳುವುದು ಬೆಳಿಗ್ಗೆ ಎದ್ದಾಗ, ಮತ್ತೆ ಏನಾದರೂ ತಿಂದ ಅರ್ಧಗಂಟೆಯೊಳಗೆ. ಆ ಹೊತ್ತಿಗೆ ಸರಿಯಾಗಿ ಸುಪಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ನೀವು ಲೈಫ್‌ಜಾಕೆಟ್ ಹಂಚುತ್ತಾ ನಿಂತಿರುತ್ತೀರಿ. ಬಂದ ಒತ್ತಡವನ್ನು ದಿನಾ ತಡೆಹಿಡಿದರೆ ಕರುಳು ಕೇಳುವುದನ್ನೇ ಬಿಡುತ್ತದೆ. ಅರ್ಧ ಗಂಟೆ ಮೊದಲೇ ಎದ್ದು, ಬಿಸಿಯಾಗಿ ಏನಾದರೂ ಕುಡಿದು, ಎರಡು ತುತ್ತು ತಿಂದು, ಹೊತ್ತು ಕೊಟ್ಟು ಕುಳಿತುಕೊಳ್ಳಿ. ಕೂರುವ ಭಂಗಿಯೂ ಮುಖ್ಯ. ಇಸ್ರೇಲಿನ ಡೋವ್ ಸಿಕಿರೋವ್ 2003ರಲ್ಲಿ 28 ಜನರನ್ನು ಗಡಿಯಾರ ಹಿಡಿಸಿ ಕೂರಿಸಿ ನೋಡಿದರು. ಕುಕ್ಕರಗಾಲಿನಲ್ಲಿ ಸರಾಸರಿ 51 ಸೆಕೆಂಡಿನಲ್ಲಿ ಕೆಲಸವಾಯಿತು, ಎತ್ತರದ ಕಮೋಡಿನಲ್ಲಿ 130 ಸೆಕೆಂಡು ಬೇಕಾಯಿತು. ಕುಕ್ಕರಗಾಲಿನಲ್ಲಿ ಕೂತಾಗ ಗುದನಾಳದ ಬಾಗು ನೇರವಾಗುತ್ತದೆ. ನಿಮ್ಮ ಸೊಂಟಕ್ಕೆ ಕುಕ್ಕರಗಾಲು ಕಷ್ಟವಾದರೆ ಕಮೋಡಿನ ಮುಂದೆ ಮೊಳಕಾಲು ಮೇಲೇರುವಷ್ಟು ಎತ್ತರದ ಮಣೆ ಇಟ್ಟು ಪಾದ ಊರಿ, ಸ್ವಲ್ಪ ಮುಂದಕ್ಕೆ ಬಾಗಿ. ಮೊಬೈಲು ಹೊರಗಿರಲಿ.

ಊಟದ ಬಗ್ಗೆ ಗಣೇಶಗುಡಿಯಲ್ಲಿ ಕುಳಿತವರಿಗೆ ಹೊರಗಿನವರು ಹೇಳುವಂಥದ್ದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ಹಣ್ಣು ತರಕಾರಿ. ರೆಸಾರ್ಟಿನ ಅಡುಗೆಮನೆಯ ಬಿಳಿಯನ್ನ, ಮೈದಾ ಪರೋಟ, ಗೋಬಿ ಮಂಚೂರಿಗಳಲ್ಲಿ ಅದು ಬರುವುದಿಲ್ಲ. ಅಲ್ಲಿಂದ ನಾಕು ಹೆಜ್ಜೆ ದೂರದ ಕುಣಬಿಯರ ಹಿತ್ತಲಲ್ಲಿ ಬೇಕಾದಷ್ಟಿದೆ. ಜೊಯಿಡಾದಲ್ಲಿ ನಡೆಯುವ ಗೆಡ್ಡೆಗೆಣಸು ಮೇಳಕ್ಕೆ ಹೋಗಿ ನೋಡಿ. ಮುಡ್ಲಿ, ಕೋನ, ಕಾಟೆ ಕಣಗ, ಸುವರ್ಣಗೆಡ್ಡೆ ಎಂದು ಹೆಣ್ಣುಮಕ್ಕಳು ರಾಶಿ ಹಾಕಿ ಕೂತಿರುತ್ತಾರೆ. ಈ ಗೆಡ್ಡೆಗಳಲ್ಲಿ ನಾರು ಇದೆ. ಜೊತೆಗೆ ಬೇಯಿಸಿ ತಣಿಸಿದಾಗ ಅವುಗಳ ಪಿಷ್ಟದ ಒಂದು ಪಾಲು ಸಣ್ಣಕರುಳಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಅದು ದೊಡ್ಡಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಮೇವಾಗುತ್ತದೆ, ಅವು ಅದರಿಂದ ತಯಾರಿಸುವ ಬ್ಯುಟಿರೇಟ್ ಕರುಳಿನ ಒಳಪದರಕ್ಕೆ ಆಹಾರ. ರಾತ್ರಿ ಬೇಯಿಸಿಟ್ಟ ಮುಡ್ಲಿಯನ್ನು ಬೆಳಿಗ್ಗೆ ತಿಂದು ಗದ್ದೆಗೆ ಹೋಗುವವರು ಬ್ಯುಟಿರೇಟಿನ ಹೆಸರು ಕೇಳಿರಬೇಕಾಗಿಲ್ಲ. ಗೆಡ್ಡೆ ನಾಲಿಗೆ ಗಂಟಲು ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಹುಣಸೆಯೋ ಉಪ್ಪಾಗೆಯೋ ಮುರುಗಲೋ ಹಾಕಿ ಚೆನ್ನಾಗಿ ಬೇಯಿಸುವ ರೂಢಿ ಅದಕ್ಕೇ. ಮೂತ್ರಪಿಂಡದಲ್ಲಿ ಕಲ್ಲಾದವರು ಮಾತ್ರ ಕೇಳಿಕೊಂಡು ತಿನ್ನಬೇಕು.

ನಾರನ್ನು ಒಂದೇ ದಿನ ಸುರಿದುಕೊಳ್ಳಬೇಡಿ, ಉಬ್ಬರ ಇಮ್ಮಡಿಯಾದೀತು. ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ, ನೀರನ್ನೂ ಹೆಚ್ಚಿಸಿ. ಹೊಳೆಯ ಮೇಲೆ ಬಿಸಿಲಲ್ಲಿ ನಿಂತವರು ಬೆವರಿದ್ದು ಗೊತ್ತಾಗದೆ ನೀರು ಕುಡಿಯುವುದನ್ನೇ ಮರೆಯುತ್ತಾರೆ. ಗವಳಿಗರ ಮನೆಯ ಮಜ್ಜಿಗೆ, ಒಂದೆಲಗದ ತಂಬುಳಿ, ಜೀರಿಗೆ ಕಷಾಯ ಎಲ್ಲವೂ ಒಳ್ಳೆಯವೇ, ಔಷಧಿ ಎಂದಲ್ಲ, ಊಟದ ಭಾಗವಾಗಿ. ಮುರುಗಲಿನ ಕಡಿ ಪಿತ್ತಕ್ಕೆ ರಾಮಬಾಣ ಎಂದು ನಿಮ್ಮ ಕಡೆ ಹೇಳುತ್ತಾರೆ. ರುಚಿಯಲ್ಲಿ ಅದಕ್ಕೆ ಸಮನಾದದ್ದಿಲ್ಲ, ಒಪ್ಪುತ್ತೇನೆ. ಆದರೆ ಅದು ಹುಳಿಯೇ. ಎದೆಯುರಿ ಇರುವಾಗ ಕೆಲವರಿಗೆ ಉರಿ ಹೆಚ್ಚುತ್ತದೆ, ನಿಮಗೆ ಹಾಗಾದರೆ ಸದ್ಯಕ್ಕೆ ಬಿಡಿ. ಹೊಳೆಯ ನೀರು, ಕಾಯಿಸದ ಝರಿಯ ನೀರು ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಲೇಬೇಕು. ಜಿಯಾರ್ಡಿಯಾ ಎಂಬ ಪರೋಪಜೀವಿ ಕರುಳು ಸೇರಿಕೊಂಡರೆ ತಿಂಗಳುಗಟ್ಟಲೆ ಉಬ್ಬರ, ದುರ್ವಾಸನೆಯ ತೇಗು. ಮಲ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ, ಕೆಲವು ದಿನದ ಗುಳಿಗೆಯಲ್ಲಿ ಹೋಗುತ್ತದೆ. ಹಾಗೆಯೇ ಜಠರದಲ್ಲಿ ಹುಣ್ಣು ಮಾಡುವ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಭಾರತದಲ್ಲಿ ಬಹಳ ಜನರ ಹೊಟ್ಟೆಯಲ್ಲಿದೆ. ಅದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ನೋವಿನ ಗುಳಿಗೆಯೂ ಈ ಬ್ಯಾಕ್ಟೀರಿಯಾವೂ ಒಟ್ಟಿಗೆ ಇದ್ದರೆ ಹುಣ್ಣಿನ ಅಪಾಯ ಇನ್ನೂ ಹೆಚ್ಚು. ಬೆನ್ನು ಎಷ್ಟು ತಿರುಚಿದರೂ ಜಿಯಾರ್ಡಿಯಾವಾಗಲಿ ಹೆಲಿಕೊಬ್ಯಾಕ್ಟರ್ ಆಗಲಿ ಹೊರಹೋಗುವುದಿಲ್ಲ.

ಬೆನ್ನಿನ ಮಟ್ಟಿಗೆ ನ್ಯಾಯವಾಗಿ ಹೇಳಬೇಕಾದ್ದು: ದೀರ್ಘಕಾಲದ ಸೊಂಟನೋವಿಗೆ ಬೆನ್ನುಮೂಳೆಯ ಕೈಚಿಕಿತ್ಸೆಯನ್ನು ಒಂದು ಆಯ್ಕೆಯಾಗಿ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಒಪ್ಪುತ್ತದೆ. ಲಾಭ ಸಾಧಾರಣ, ವ್ಯಾಯಾಮದ ಜೊತೆಗಾದರೆ ಒಳ್ಳೆಯದು. ಆದರೆ ಭಾರತದಲ್ಲಿ ಕೈರೋಪ್ರಾಕ್ಟರುಗಳನ್ನು ನೋಂದಾಯಿಸಿ ಹದ್ದುಬಸ್ತಿನಲ್ಲಿಡುವ ಶಾಸನಬದ್ಧ ಪರಿಷತ್ತು ಇಲ್ಲ. ವಾರದ ಕೋರ್ಸು ಮುಗಿಸಿದವರೂ ಬೋರ್ಡು ಹಾಕಬಹುದು. ಫಿಸಿಯೋಥೆರಪಿಯಾದರೆ 2021ರ ಕಾಯ್ದೆಯ ವ್ಯಾಪ್ತಿಯಲ್ಲಿದೆ, ಪದವಿ ಪಡೆದವರು ಸಿಗುತ್ತಾರೆ. ನಿಮಗೆ ಬೇಕಿರುವುದು ಭಾರ ಎತ್ತುವ ಸರಿಯಾದ ಕ್ರಮ, ಸೊಂಟ ಹೊಟ್ಟೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ. ಅದನ್ನು ಅವರು ಕಲಿಸುತ್ತಾರೆ. ಕುತ್ತಿಗೆಯನ್ನಂತೂ ಯಾರ ಕೈಗೂ ಕೊಟ್ಟು ತಿರುಚಿಸಿಕೊಳ್ಳಬೇಡಿ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಮಾಲೀಸಿನ ಕೊನೆಗೆ ಕುತ್ತಿಗೆ ಲಟಕ್ಕೆನಿಸಿಕೊಂಡು, ರಕ್ತನಾಳದ ಪದರ ಹರಿದು ಪಾರ್ಶ್ವವಾಯುವಿಗೆ ತುತ್ತಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಪರೂಪದ ಅಪಾಯ ನಿಜ, ಬಂದರೆ ಮಾತ್ರ ದೊಡ್ಡದು.

ಕೆಲವು ಲಕ್ಷಣ ಕಂಡರೆ ಇದೆಲ್ಲ ಪಕ್ಕಕ್ಕಿಟ್ಟು ತಕ್ಷಣ ಹೊರಡಬೇಕು. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಹೋಗುವುದು, ರಕ್ತ ಬೀಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಸಿಕ್ಕಿಕೊಳ್ಳುವುದು, ಬಿಡದ ವಾಂತಿ. ಸೊಂಟನೋವಿನ ಜೊತೆಗೆ ಸಂಜೆ ಜ್ವರ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಅಂಥ ಮೂಳೆಯನ್ನು ತಿರುಚಿದರೆ ಕುಸಿದುಬಿದ್ದೀತು, ಮೊದಲು ಚಿತ್ರ ತೆಗೆಸಬೇಕು. ಮೇಲುಹೊಟ್ಟೆಯಿಂದ ಬೆನ್ನಿಗೆ ಸೀಳಿಕೊಂಡು ಹೋಗುವ ನೋವು ಮೇದೋಜ್ಜೀರಕದ್ದೋ ಪಿತ್ತಕೋಶದ್ದೋ ಆಗಿರಬಹುದು, ಜನ ಅದನ್ನು ಬೆನ್ನಿನದೆಂದೇ ತಿಳಿಯುತ್ತಾರೆ. ಮುಂದೆ ಬರುತ್ತದೆ ಎಂದಿದ್ದೆನಲ್ಲ, ಅದು ಇದು: ಸೊಂಟನೋವಿನೊಂದಿಗೆ ತೊಡೆಸಂದು ಮರಗಟ್ಟಿ, ಮೂತ್ರ ಕಟ್ಟಿದರೆ ಅಥವಾ ಮಲದ ಹತೋಟಿ ತಪ್ಪಿದರೆ ಬೆನ್ನುಹುರಿಯ ಬುಡದ ನರಗಳು ನಿಜವಾಗಿ ಅದುಮಿಕೊಂಡಿವೆ ಎಂದರ್ಥ. ಆಗ ಗಂಟೆಗಳ ಲೆಕ್ಕ. ಸೀದಾ ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೋ ಧಾರವಾಡದ ದೊಡ್ಡಾಸ್ಪತ್ರೆಗೋ ಹೋಗಬೇಕು.

ಬೆಂಗಳೂರಿನ ಟಿಕೆಟ್ ತೆಗೆಸಬೇಡಿ. ಈ ವಾರವೇ ಒಂದು ದಿನ ರಜೆ ಕೇಳಿ, ನುಂಗುತ್ತಿರುವ ಗುಳಿಗೆಗಳ ಸ್ಟ್ರಿಪ್ಪುಗಳನ್ನು, ಖಾಲಿಯಾದವನ್ನೂ ಸೇರಿಸಿ, ಜೇಬಿನಲ್ಲಿಟ್ಟುಕೊಂಡು ಜೊಯಿಡಾ ತಾಲೂಕು ಆಸ್ಪತ್ರೆಗೋ ದಾಂಡೇಲಿಯ ಸರ್ಕಾರಿ ಆಸ್ಪತ್ರೆಗೋ ಹೋಗಿ ವೈದ್ಯರ ಮೇಜಿನ ಮೇಲೆ ಹರಡಿ, ‘ಇದರಲ್ಲಿ ಯಾವುದನ್ನು ನಿಲ್ಲಿಸಲಿ?’ ಎಂದು ಕೇಳಿ.